ಗುರುದೇವಿ ತಂದ ರೌಟರ್

ಗಂಡ ಅಮರೇಶ ಪುಣೆಗೆ ಹೋದ ಮೇಲೆ ಗುರುದೇವಿ ಅವನ ಜೊತೆ ಮಾತಾಡುತ್ತಿದ್ದುದು ಹಾಲ್‌ನಲ್ಲಿ, ಮನೆಯವರೆಲ್ಲರ ಎದುರಿಗೆ.

ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹುಬ್ಬಳ್ಳಿಯ ಹಾಸ್ಟೆಲ್ ಶಾಲೆಯೊಂದರಲ್ಲಿ ಓದಿದವರು, ಕೈಯಲ್ಲೇ ಮಾತಾಡುವವರು. ಅಮರೇಶ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದ. ಗುರುದೇವಿ ಅದೇ ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕಿ ಸೀಮೆಸುಣ್ಣದ ಗುರುತು ಹಾಕುವುದು ಅವಳ ಕೆಲಸ. ಎರಡು ಸಾವಿರದ ಎಂಟರ ಆರಂಭದಲ್ಲಿ ವರ್ಕ್‌ಶಾಪಿನ ಮಾಲೀಕರು ಪುಣೆಯ ಹೊರವಲಯದಲ್ಲಿ ಇನ್ನೊಂದು ಘಟಕ ತೆರೆದು, ಕೆಲಸ ಬಲ್ಲವನೆಂದು ಅಮರೇಶನನ್ನು ಹತ್ತು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿದರು. ಹೋಗುವ ಮುಂಚೆ ಅವನು ಎಸ್‌ಪಿ ರೋಡಿನಿಂದ ಒಂದು ಹಳೆಯ ಲ್ಯಾಪ್‌ಟಾಪ್, ಅದರ ನೆತ್ತಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾ ತಂದುಕೊಟ್ಟ. ಅಣ್ಣ ಕೊಟ್ರಪ್ಪನ ಹೆಸರಿನಲ್ಲಿದ್ದ ಫೋನ್ ಲೈನಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ. ಮೋಡೆಮ್ ಹಾಲ್‌ನಲ್ಲಿ ಟಿವಿಯ ಪಕ್ಕ ಕುಳಿತಿತು, ಅದರ ವೈರು ಎಟಕುವಷ್ಟೇ ದೂರದಲ್ಲಿ ಲ್ಯಾಪ್‌ಟಾಪ್.

ಪುಣೆಯಲ್ಲಿ ಅಮರೇಶನ ರೂಮಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಸಂಜೆ ಏಳರಿಂದ ಎಂಟರವರೆಗೆ ಕ್ಯಾಮೆರಾ ಇರುವ ಒಂದು ಕುರ್ಚಿಯನ್ನು ಅವನು ಕಾಯಂ ಮಾಡಿಕೊಂಡಿದ್ದ. ಸುತ್ತ ಇಪ್ಪತ್ತು ಜನ ಕೂತಿರುತ್ತಿದ್ದರು. ಒಬ್ಬರಿಗೂ ಕೈಮಾತು ಬರುತ್ತಿರಲಿಲ್ಲ. ಆ ಗದ್ದಲದ ನಡುವೆ ಅವನು ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಬಹುದಿತ್ತು. ಇಲ್ಲಿ, ತನ್ನದೇ ಮನೆಯಲ್ಲಿ, ಗುರುದೇವಿಗೆ ಆ ಅನುಕೂಲ ಇರಲಿಲ್ಲ. ಅತ್ತೆ ಭಾಗವ್ವ ಸೋಫಾದ ತುದಿಯಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದಳು. ಕಿವಿ ಕೇಳಿಸದ ಮಗನನ್ನು ಸಾಕುವಾಗ, ಶಾಲೆಗೆ ಕಳಿಸುವ ಮುಂಚಿನ ಏಳು ವರ್ಷ, ಭಾಗವ್ವ ತನ್ನದೇ ಕೈಸನ್ನೆಗಳನ್ನು ಕಟ್ಟಿಕೊಂಡಿದ್ದಳು. ಹಸಿವು, ಜ್ವರ, ಅಪ್ಪ, ಬೈಗುಳ, ಡಾಕ್ಟರು, ಕೂಸು ಎಲ್ಲಕ್ಕೂ ಒಂದೊಂದು ಸನ್ನೆ. ಗುರುದೇವಿಯ ಕೈಮಾತು ಅದಕ್ಕಿಂತ ಬಹಳ ದೊಡ್ಡದು, ಆದರೆ ಅಲ್ಲಲ್ಲಿ ಎರಡೂ ಒಂದನ್ನೊಂದು ಮುಟ್ಟುತ್ತಿದ್ದವು.

ಏಪ್ರಿಲ್‌ನ ಒಂದು ಸಂಜೆ ಹಾಗೆ ಮುಟ್ಟಿದವು.

ಮದುವೆಯಾಗಿ ಐದು ವರ್ಷವಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ. ಆ ದಿನ ಗುರುದೇವಿ ಬಸವೇಶ್ವರನಗರದ ಲೇಡಿ ಡಾಕ್ಟರ ಹತ್ತಿರ ಹೋಗಿ ರಿಪೋರ್ಟ್ ತಂದಿದ್ದಳು. ಅವಳಲ್ಲಿ ಏನೂ ತೊಂದರೆಯಿಲ್ಲ, ಗಂಡನೂ ಒಮ್ಮೆ ಪರೀಕ್ಷೆ ಮಾಡಿಸಲಿ ಎಂದು ಡಾಕ್ಟರು ಚೀಟಿಯ ಮೇಲೆ ಬರೆದುಕೊಟ್ಟಿದ್ದರು. ಪರದೆಯ ಮೇಲಿದ್ದ ಗಂಡನಿಗೆ ಅದನ್ನು ಆದಷ್ಟು ಚಿಕ್ಕದಾಗಿ, ಎದೆಯ ಹತ್ತಿರ ಕೈ ಇಟ್ಟುಕೊಂಡು ಹೇಳಿದಳು. ಅಮರೇಶ ‘ಮಾಡಿಸ್ತೀನಿ’ ಎಂದ.

ಗುರುದೇವಿ ತಲೆ ತಿರುಗಿಸಿದಾಗ ಭಾಗವ್ವ ಟಿವಿ ನೋಡುತ್ತಿರಲಿಲ್ಲ.

ಮರುದಿನ ಅವಳು ಕೆಲಸದಿಂದ ಬಂದಾಗ ಭಾಗವ್ವ ಗದಗದ ಹತ್ತಿರದ ತಮ್ಮ ಊರಿಗೆ ಫೋನು ಮಾಡಿ ಮಾತಾಡುತ್ತಿದ್ದಳು. ಗುರುದೇವಿ ಬಾಗಿಲಲ್ಲೇ ನಿಂತು ಅತ್ತೆಯ ತುಟಿ ಓದಿದಳು. ಅವಳು ತುಟಿ ಓದುವುದರಲ್ಲಿ ಗಟ್ಟಿಗಿತ್ತಿ, ಅದರಲ್ಲೂ ತಮ್ಮ ಊರಿನ ಕಡೆಯ ಮಾತಾದರೆ.

“ನನ್ನ ಮಗನಿಗೆ ಏನೂ ಆಗಿಲ್ರಿ. ಇಕೀನ ಡಾಕ್ಟರ ಕಡಿಂದ ಏನೇನೋ ಬರಿಸಿಕೊಂಡು ಬಂದಾಳ. ತನ್ನ ತಪ್ಪ ಅವನ ಮ್ಯಾಲೆ ಹಾಕಾಕತ್ತಾಳ.”

ಅಡುಗೆಮನೆಯಿಂದ ಓರಗಿತ್ತಿ ಕಲಾವತಿ ಬಂದು, ಗುರುದೇವಿಯ ಮುಖ ನೋಡಿ, ಅತ್ತೆಯ ಭುಜ ಮುಟ್ಟಿದಳು. ಭಾಗವ್ವ ಫೋನು ಇಟ್ಟಳು. ಅಷ್ಟರಲ್ಲಿ ಮಾತು ಗದಗ ದಾಟಿತ್ತು. ಮೂರು ದಿನದಲ್ಲಿ ನೆಂಟರಿಷ್ಟರಿಗೆಲ್ಲ ಗೊತ್ತಾಯಿತು. ಭಾನುವಾರ ಮನೆಗೆ ಬಂದಿದ್ದ ಚಿಕ್ಕಮ್ಮ ಒಬ್ಬಳು ಗುರುದೇವಿಯ ಹೊಟ್ಟೆಯ ಕಡೆ ಕೈ ತೋರಿಸಿ, ಹರಕೆ ಹೊತ್ತುಕೋ ಎಂದು ಅಭಿನಯಿಸಿ ಹೋದಳು.

ಗುರುದೇವಿ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಕಿವಿ ಕೇಳಿಸುವವರು ಗುಟ್ಟು ಹೇಳಬೇಕಾದರೆ ದನಿ ತಗ್ಗಿಸುತ್ತಾರೆ. ತಾನು ಕೈಯನ್ನು ಎಷ್ಟು ತಗ್ಗಿಸಲಿ?

*

ಗಂಡಹೆಂಡತಿಯ ಕೋಣೆ ಇದ್ದದ್ದು ಟೆರೇಸಿನ ಮೇಲೆ. ಕೊಟ್ರಪ್ಪನ ಸಂಸಾರ ಮೊದಲ ಮಹಡಿ, ಅದರ ಮೇಲೊಂದು ಒಂಟಿ ರೂಮು. ಅಲ್ಲಿಗೆ ವೈರು ಎಳೆಯಬೇಕೆಂದರೆ ಗೋಡೆಗೆ ತೂತು ಹೊಡೆಯಬೇಕು. ಕೆಳಮನೆಯಲ್ಲಿದ್ದ ಓನರ್ ಮುನಿಲಕ್ಷ್ಮಮ್ಮ ಮೊಳೆ ಹೊಡೆಯುವುದಕ್ಕೇ ಬಿಡುತ್ತಿರಲಿಲ್ಲ. ಕಿಟಕಿಯಿಂದ ಇಳಿಬಿಟ್ಟರೆ ಮಳೆ ಬಂದಾಗ ಕಿಟಕಿ ಮುಚ್ಚುವ ಹಾಗಿಲ್ಲ. ಇನ್ನುಳಿದದ್ದು ವೈರ್‌ಲೆಸ್.

ಅವಳು ಕಾಗದದಲ್ಲಿ ಬರೆದು ಭಾವನ ಮುಂದೆ ಹಿಡಿದಳು: ‘ನಾನು ಒಂದು ವೈರ್‌ಲೆಸ್ ರೌಟರ್ ತರುತ್ತೇನೆ. ನನ್ನ ಓವರ್‌ಟೈಮ್ ದುಡ್ಡಿನಲ್ಲಿ. ಇನ್ನು ಮೇಲೆ ನನ್ನ ಕೋಣೆಯಲ್ಲಿ ಮಾತಾಡುತ್ತೇನೆ.’

ಕೊಟ್ರಪ್ಪ ಮಾಗಡಿ ರಸ್ತೆಯ ಲಾರಿ ಆಫೀಸೊಂದರಲ್ಲಿ ಗುಮಾಸ್ತ. ಕೆಟ್ಟವನಲ್ಲ, ಆದರೆ ಮನೆಯಲ್ಲಿ ಯಾವುದೇ ಹೊಸ ಸಾಮಾನು ತನ್ನನ್ನು ಕೇಳದೆ ಬರಬಾರದು ಎನ್ನುವವನು. ಓದಿ ನಕ್ಕ.

“ಎದಕ್ಕ? ಇಲ್ಲೇ ಕುಂತ ಮಾತಾಡು. ನಮಗೇನ ತಿಳಿತದ? ಗುಟ್ಟ ಏನೈತಿ ಅಂಥಾದ್ದು?”

ಗುರುದೇವಿ ಕಾಗದ ವಾಪಸ್ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ನಾನು ಕೇಳುತ್ತಿಲ್ಲ. ಹೇಳುತ್ತಿದ್ದೇನೆ.’

ಕೊಟ್ರಪ್ಪನ ನಗು ನಿಂತಿತು. ಕಲಾವತಿ ರೊಟ್ಟಿ ಹೆಂಚಿನ ಕಡೆ ತಿರುಗಿ ಮುಖ ಮರೆಸಿಕೊಂಡಳು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಗುರುದೇವಿ ಒಬ್ಬಳೇ ಬಸ್ ಹತ್ತಿ ವಿಜಯನಗರಕ್ಕೆ ಹೋದಳು. ಅಲ್ಲಿ ನಾಣಿ ಎಂಬವನ ಕಂಪ್ಯೂಟರ್ ಅಂಗಡಿ ಇತ್ತು. ಆ ಭಾಗದಲ್ಲೆಲ್ಲ ದೊಡ್ಡದು. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ನಾಣಿ ಓದಿ, ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದ.

“ಜೊತೇಲಿ ಯಾರೂ ಬಂದಿಲ್ವಾ ಮೇಡಂ? ಯಜಮಾನ್ರು? ಸೆಟ್ಟಿಂಗ್ ಎಲ್ಲಾ ಹೇಳ್ಕೊಡ್ಬೇಕು, ಯಾರ್ಗಾದ್ರೂ.”

ಬೆಂಗಳೂರಿನವರ ತುಟಿ ಅವಳಿಗೆ ಅಷ್ಟು ಸಲೀಸಲ್ಲ. ಅರ್ಧರ್ಧ ಪದಗಳನ್ನು ನುಂಗುತ್ತಾರೆ. ಆದರೆ ‘ಯಜಮಾನ್ರು’ ತಿಳಿಯಿತು. ಅವಳು ತನ್ನ ಎದೆಗೆ ಬೆರಳು ಮಾಡಿ ತೋರಿಸಿದಳು. ನಾನೇ.

ನಾಣಿ ಭುಜ ಹಾರಿಸಿ ಒಂದು ಕೆಂಪು ಪೆಟ್ಟಿಗೆ ತೆಗೆದಿಟ್ಟ. ಅದರ ಮೇಲೆ ಒಂದು ದೊಡ್ಡ ಬಂಗಲೆಯ ಚಿತ್ರ, ಅದರ ಎಲ್ಲ ಕೋಣೆಗಳಲ್ಲೂ ನಗುತ್ತಿರುವ ಜನ, ಮುನ್ನೂರು ಅಡಿಯವರೆಗೆ ಸಿಗ್ನಲ್ ಎಂಬ ಬರಹ. “ಎಲ್ರೂ ಇದನ್ನೇ ತಗೊಂಡೋಗೋದು” ಎಂದು ಪೆಟ್ಟಿಗೆಯನ್ನು ತಟ್ಟಿದ. ಅವಳು ನಂಬಿದಳು. ಆ ಒಂದು ತಪ್ಪನ್ನು ಅವಳು ಆಮೇಲೆ ತನಗೆ ತಾನೇ ಬಹಳ ದಿನ ಕ್ಷಮಿಸಲಿಲ್ಲ. ತಪಾಸಣೆ ಮಾಡದೆ ಒಂದು ಅಂಗಿಯನ್ನೂ ಪ್ಯಾಕಿಂಗಿಗೆ ಬಿಡದ ತಾನು, ಡಬ್ಬದ ಮೇಲಿನ ಚಿತ್ರ ನೋಡಿ ಸಾಮಾನು ತಂದಿದ್ದೆ ಎಂದು.

ಮೊದಲ ಸಂಜೆ ಎಲ್ಲ ಚೆನ್ನಾಗಿತ್ತು. ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು, ಕೂದಲು ಬಿಚ್ಚಿಕೊಂಡು, ಮಂಚದ ಮೇಲೆ ಕಾಲು ಚಾಚಿ ಅವಳು ಗಂಡನೊಡನೆ ಮಾತಾಡಿದಳು. ಎಷ್ಟೋ ತಿಂಗಳ ಮೇಲೆ ಕೈಗಳನ್ನು ಪೂರ್ತಿ ಅಗಲಿಸಿ ಮಾತಾಡಿದಳು. ಅತ್ತೆಯನ್ನು ಅಣಕಿಸಿದಳು ಕೂಡ. ಅಮರೇಶ ನಕ್ಕು ನಕ್ಕು ಕುರ್ಚಿಯಿಂದ ಜಾರಿದಾಗ ಪಕ್ಕದವರು ತಿರುಗಿ ನೋಡಿದ್ದು ಪರದೆಯಲ್ಲಿ ಕಂಡಿತು. ಆಮೇಲೆ ಇದ್ದಕ್ಕಿದ್ದಂತೆ ಅವನು ನಿಂತುಬಿಟ್ಟ. ಒಂದು ಕೈ ಗಾಳಿಯಲ್ಲಿ, ಕಣ್ಣು ಅರೆಮುಚ್ಚಿ, ಫೋಟೋ ತೆಗೆದ ಹಾಗೆ.

ಕಿವಿ ಕೇಳಿಸುವವರಿಗೆ ಚಿತ್ರ ನಿಂತರೂ ದನಿ ಬರುತ್ತಿರುತ್ತದೆ. ಇವರಿಗೆ ಚಿತ್ರ ನಿಂತರೆ ನಾಲಿಗೆಯೇ ನಿಂತ ಹಾಗೆ. ಗುರುದೇವಿ ಕೆಳಗೆ ಓಡಿ ಹೋಗಿ ರೌಟರಿನ ವೈರು ಕಿತ್ತು ಮತ್ತೆ ಹಾಕಿದಳು. ಮೇಲೆ ಬರುವಷ್ಟರಲ್ಲಿ ಹತ್ತು ನಿಮಿಷ ಹೋಗಿತ್ತು. ಮತ್ತೆ ಸಿಕ್ಕ ಅಮರೇಶ, ‘ಏನು ಹೇಳ್ತಿದ್ದೆ ಮರೆತೆ’ ಎಂದ. ಅಷ್ಟರಲ್ಲಿ ಎಂಟಾಯಿತು. ಕೆಫೆಯವನು ಬಂದು ಅವನ ಬೆನ್ನ ಹಿಂದೆ ನಿಂತ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಕೊಟ್ರಪ್ಪ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ‘ಹೆಂಗೈತಿ ನಿನ್ನ ವೈರ್‌ಲೆಸ್ಸು?’ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದ.

ಗುರುದೇವಿ ಚೆಕಿಂಗ್ ಟೇಬಲ್ಲಿನ ರೂಢಿಯಂತೆ ಒಂದು ನೋಟ್‌ಬುಕ್ ಇಟ್ಟಳು. ಯಾವ ದಿನ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಂತಿತು. ಹನ್ನೆರಡು ದಿನದ ಮೇಲೆ ನೋಡಿದರೆ ಒಂದು ವಿಷಯ ಎದ್ದು ಕಂಡಿತು: ಅದು ಮನಸ್ಸಿಗೆ ಬಂದಾಗ ನಿಲ್ಲುತ್ತಿರಲಿಲ್ಲ. ಮೂವತ್ತೈದರಿಂದ ನಲವತ್ತು ನಿಮಿಷ, ಅಷ್ಟೇ. ಹದಿಮೂರನೆಯ ದಿನ ಚಿತ್ರ ನಿಂತ ಕೂಡಲೇ ಕೆಳಗಿಳಿದು ರೌಟರಿನ ಬೆನ್ನ ಮೇಲೆ ಅಂಗೈ ಇಟ್ಟಳು. ತಟ್ಟನೆ ಕೈ ತೆಗೆಯುವಷ್ಟು ಕಾದಿತ್ತು.

ನೋಟ್‌ಬುಕ್ ಹಿಡಿದು ನಾಣಿಯ ಅಂಗಡಿಗೆ ಹೋದಳು. ಅವನು ಪುಟ ತಿರುವಿ ಕೂಡ ನೋಡಲಿಲ್ಲ.

“ಪೀಸ್‌ನಲ್ಲಿ ಏನೂ ಪ್ರಾಬ್ಲಂ ಇರಲ್ಲ ಮೇಡಂ. ನಿಮ್ಮನೆ ಗೋಡೆ ದಪ್ಪ ಇರ್ಬೇಕು. ತಾರಸಿ ಮೋಲ್ಡಿಂಗ್ ಅಡ್ಡ ಬರತ್ತೆ.” ಅವಳಿಗೆ ತಿಳಿಯಲಿಲ್ಲವೇನೋ ಎಂದು ಗೋಡೆ ತಟ್ಟಿ, ಕೈ ಅಡ್ಡಡ್ಡ ಆಡಿಸಿ ತೋರಿಸಿದ. ಆಮೇಲೆ ಪಕ್ಕದಲ್ಲಿದ್ದ ಗಿರಾಕಿಯ ಕಡೆ ತಿರುಗಿ ಏನೋ ಅಂದ. ತುಟಿ ಅವಳಿಗೆ ಓರೆಯಾಗಿ ಕಂಡರೂ ಸಿಕ್ಕಷ್ಟು ಸಾಕಾಗಿತ್ತು: “ಪಾಪ, ಕಿವಿ ಕೇಳಲ್ಲ, ಇಂಥೋರ್ಗೆ ಇದೆಲ್ಲಾ ಎಲ್ಲಿ ಅರ್ಥ ಆಗ್ಬೇಕು.”

*

ಭಾನುವಾರ ಕಿವುಡರ ಸಂಘದ ಗೆಳೆಯರು ರಾಜಾಜಿನಗರದ ಒಂದು ಪಾರ್ಕಿನಲ್ಲಿ ಸೇರುತ್ತಿದ್ದರು. ಅವರಲ್ಲಿ ಪುರುಷೋತ್ತಮ ಎಂಬವನು ಎಸ್‌ಪಿ ರೋಡಿನ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಅಮರೇಶನಿಗೆ ಲ್ಯಾಪ್‌ಟಾಪ್ ಕೊಡಿಸಿದವನೂ ಅವನೇ. ಗುರುದೇವಿಯ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಅವನೊಬ್ಬ.

‘ಗೋಡೆಯ ತಪ್ಪಲ್ಲ’ ಎಂದ. ‘ಗೋಡೆ ಅಡ್ಡ ಬಂದರೆ ಮೊದಲಿನಿಂದಲೇ ಚಿತ್ರ ಹರಿದು ಹರಿದು ಬರುತ್ತೆ. ನಲವತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಸಾಯೋದು ಬಿಸಿಗೆ. ಡಬ್ಬದ ಮೇಲೆ ಅಡಿ, ವೇಗ ಬರೆದಿರೋದನ್ನೆಲ್ಲ ಬಿಡು. ನಿನ್ನ ಲೈನಿನ ವೇಗಕ್ಕಿಂತ ಎಲ್ಲ ರೌಟರೂ ಜಾಸ್ತಿನೇ ಓಡುತ್ತೆ. ನಿನಗೆ ಬೇಕಾದ್ದು ಓಡೋದಲ್ಲ, ನಿಲ್ಲದೆ ನಡೆಯೋದು. ಒಂದು ಗಂಟೆ ಓಡಿಸಿ ಮುಟ್ಟಿ ನೋಡು. ಅಡಿಯಲ್ಲಿ ಗಾಳಿಗೆ ತೂತುಗಳಿವೆಯಾ ನೋಡು. ಮತ್ತೆ, ಪಾಸ್‌ವರ್ಡ್ ಹಾಕದೆ ಒಂದು ದಿನವೂ ಬಿಡಬೇಡ. ಬೀದಿಯಲ್ಲಿರೋರೆಲ್ಲ ಒಳಗೆ ಬರ್ತಾರೆ.’

‘ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂತಾನೆ’ ಎಂದಳು ಗುರುದೇವಿ.

‘ನಾನು ಬಂದು ಮಾತಾಡಲಾ? ನಮ್ಮ ಮಾಲೀಕರನ್ನು ಕರ್ಕೊಂಡು ಬರ್ತೀನಿ. ಅವರಿಗೆ ಕಿವಿ ಕೇಳಿಸುತ್ತೆ.’

ಗುರುದೇವಿ ತಲೆ ಅಲ್ಲಾಡಿಸಿದಳು. ‘ಬೇಡ. ನೀನು ನಿನ್ನ ಅಂಗಡಿಯಲ್ಲೇ ಇರು. ಶನಿವಾರ ಮಧ್ಯಾಹ್ನ ಮೂರಕ್ಕೆ ಕ್ಯಾಮೆರಾ ಮುಂದೆ ಕೂತ್ಕೋ. ಒಂದೆರಡು ಗಂಟೆ ಬಿಡುವು ಮಾಡ್ಕೋ, ಸಾಕು.’

ಶನಿವಾರ ಅವಳು ಲ್ಯಾಪ್‌ಟಾಪ್, ಕ್ಯಾಮೆರಾ, ಕೆಂಪು ಪೆಟ್ಟಿಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ನಾಣಿಯ ಅಂಗಡಿಗೆ ಹೋದಳು. ಗಿರಾಕಿಗಳು ತುಂಬಿದ್ದ ಹೊತ್ತು. ಚೀಟಿ ಕೊಟ್ಟಳು: ‘ನಿಮ್ಮ ಅಂಗಡಿಯ ಲೈನಿಗೆ ಈ ರೌಟರ್ ಹಾಕಿ. ನಾನು ಇಲ್ಲೇ ಕೂತು ನಲವತ್ತು ನಿಮಿಷ ಮಾತಾಡುತ್ತೇನೆ. ಚಿತ್ರ ನಿಲ್ಲದಿದ್ದರೆ ತಪ್ಪು ನನ್ನ ಮನೆಯದು, ಎದ್ದು ಹೋಗುತ್ತೇನೆ.’

ನಾಣಿ ಆಗುವುದಿಲ್ಲ ಎನ್ನುತ್ತಿದ್ದನೇನೋ. ಪಕ್ಕದಲ್ಲಿ ಪ್ರಿಂಟರಿನ ಇಂಕ್ ಕೊಳ್ಳಲು ಬಂದಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಚೀಟಿ ಓದಿ, “ಹಾಕಿ ನೋಡ್ರೀ, ನಿಮ್ ಪೀಸ್ ಚೆನ್ನಾಗಿದ್ರೆ ನಿಮಗ್ಯಾಕೆ ಭಯ?” ಎಂದರು. ನಾಣಿ ವೈರು ಸಿಕ್ಕಿಸಿದ.

ಅವಳು ಕೌಂಟರಿನ ಮೇಲೇ ಲ್ಯಾಪ್‌ಟಾಪ್ ತೆರೆದಳು. ರೌಟರ್ ಒಂದು ಗೇಣು ದೂರದಲ್ಲಿ. ಪರದೆಯಲ್ಲಿ ಪುರುಷೋತ್ತಮ ಬಂದ. ಇಬ್ಬರೂ ಮಾತು ಶುರು ಮಾಡಿದರು. ಪಾರ್ಕಿನ ಸುದ್ದಿ, ಅವನ ತಂಗಿಯ ಮದುವೆ, ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಬಾಯಿ ಮಾಡುವ ರೀತಿ. ಅಂಗಡಿಗೆ ಬಂದವರು ನಿಂತು ನೋಡಿದರು. ಕೆಲವರು ನಕ್ಕರು. ಗುರುದೇವಿಗೆ ಅದೆಲ್ಲ ಕಣ್ಣಂಚಿನಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿ, ಬೀದಿಯಲ್ಲಿ ಜನ ಹಾಗೆ ನೋಡಿದರೆ ಅವಳು ಕೈ ಮಡಚಿಕೊಳ್ಳುವುದಿತ್ತು. ಆ ದಿನ ಮಡಚಲಿಲ್ಲ. ಬೇಕೆಂದೇ ಇನ್ನಷ್ಟು ದೊಡ್ಡದಾಗಿ, ಭುಜದಿಂದ ಕೈ ಬೀಸಿ ಮಾತಾಡಿದಳು. ನಾಣಿ ಆಗಾಗ ಬಂದು ಗಡಿಯಾರ ತೋರಿಸಿ, ಚೆನ್ನಾಗಿದೆಯಲ್ಲ ಎಂದು ಹೆಬ್ಬೆರಳು ಎತ್ತುತ್ತಿದ್ದ. ಅವಳು ತಲೆಯಾಡಿಸಿ ಮಾತು ಮುಂದುವರಿಸುತ್ತಿದ್ದಳು.

ಮೂವತ್ತೆಂಟನೆಯ ನಿಮಿಷಕ್ಕೆ ಪುರುಷೋತ್ತಮ ಬಾಯಿ ತೆರೆದುಕೊಂಡೇ ಕಲ್ಲಾದ.

ಗುರುದೇವಿ ಲ್ಯಾಪ್‌ಟಾಪನ್ನು ನಾಣಿಯ ಕಡೆ ತಿರುಗಿಸಿದಳು. ಚೀಟಿಯ ಮೇಲೆ ಬರೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು: ‘ಇಲ್ಲಿ ಗೋಡೆ ಎಲ್ಲಿದೆ?’

ಮೇಷ್ಟ್ರು ಜೋರಾಗಿ ನಕ್ಕರು. ಹಿಂದಿದ್ದ ಇಬ್ಬರು ಕಾಲೇಜು ಹುಡುಗರಲ್ಲಿ ಒಬ್ಬ, “ಮಗಾ, ನಮ್ಮನೇಲಿರೋದು ಇದೇ ಪೀಸು ಕಣೋ” ಎಂದದ್ದನ್ನು ಅವಳು ಓದಿದಳು. ನಾಣಿ ರೌಟರ್ ಎತ್ತಿಕೊಂಡು, ಬಿಸಿ ತಾಗಿ ಮತ್ತೆ ಕೆಳಗಿಟ್ಟ. ಅವನ ಮುಖ ಕೆಂಪಾಗಿತ್ತು. ಒಳಗೆ ಹೋಗಿ ಇನ್ನೊಂದು ಅದೇ ಕೆಂಪು ಪೆಟ್ಟಿಗೆ ತಂದ.

“ಎಕ್ಸ್‌ಚೇಂಜ್ ಮಾಡ್ಕೊಡ್ತೀನಿ ಮೇಡಂ. ಹೊಸಾ ಪೀಸ್.”

ಅವಳು ಅದನ್ನು ಎರಡು ಬೆರಳಿನಿಂದ ಅವನ ಕಡೆಗೇ ತಳ್ಳಿದಳು. ಕಪಾಟಿನ ಕಡೆ ಕೈ ತೋರಿಸಿ, ಬೇರೆ ಕಂಪನಿಯ ಎರಡನ್ನು ಕೆಳಗಿಳಿಸಲು ಹೇಳಿದಳು. ಒಂದೊಂದನ್ನೂ ಡಬ್ಬದಿಂದ ಹೊರತೆಗೆದು ತಲೆಕೆಳಗು ಮಾಡಿದಳು. ಬೆಳ್ಳಿಬಣ್ಣದ್ದು ನೋಡಲು ಅಂದವಾಗಿತ್ತು, ಆದರೆ ಅಡಿ ಪೂರಾ ಮುಚ್ಚಿತ್ತು. ಓಡಿಸಿದರೆ ಇಪ್ಪತ್ತೇ ನಿಮಿಷಕ್ಕೆ ಕಾದುಬಿಟ್ಟಿತು; ಅದನ್ನು ಬದಿಗಿಟ್ಟಳು. ಇನ್ನೊಂದು ಕಪ್ಪಗೆ, ದಪ್ಪಗೆ, ಯಾವ ಚೆಂದವೂ ಇಲ್ಲದ್ದು. ಎರಡು ಆಂಟೆನಾ, ಅಡಿಯಲ್ಲಿ ಸಾಲು ಸಾಲು ತೂತು. ಡಬ್ಬದ ಮೇಲೆ ಬಂಗಲೆ ಇರಲಿಲ್ಲ. ಬೆಲೆ ಕೆಂಪು ಪೆಟ್ಟಿಗೆಗಿಂತ ಸ್ವಲ್ಪ ಹೆಚ್ಚು. ಆ ವ್ಯತ್ಯಾಸವನ್ನು ಅವಳು ಕೌಂಟರಿನ ಮೇಲೆ ಇಟ್ಟಳು. ಆದರೆ ಕೈ ದುಡ್ಡಿನ ಮೇಲೇ ಇತ್ತು. ಗಡಿಯಾರದ ಕಡೆ ನೋಡಿ ಒಂದು ಬೆರಳು ಎತ್ತಿದಳು. ಒಂದು ಗಂಟೆ.

ಒಂದು ಗಂಟೆ ಹತ್ತು ನಿಮಿಷ ಕೂತಳು. ಪುರುಷೋತ್ತಮನಿಗೆ ಹೇಳಲು ಮಾತು ಮುಗಿದು, ಅವನು ಬೋಂಡಾ ತಿನ್ನುವುದನ್ನು ನೋಡುತ್ತಾ ಕೂತಳು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ರೌಟರಿನ ಬೆನ್ನು ಮುಟ್ಟಿದರೆ ಮಗುವಿನ ಹಣೆಯಷ್ಟು ಬೆಚ್ಚಗಿತ್ತು, ಅಷ್ಟೇ. ಆಗ ದುಡ್ಡಿನ ಮೇಲಿಂದ ಕೈ ತೆಗೆದಳು.

ನಾಣಿ ಸೆಟ್ಟಿಂಗ್‌ನ ಕಾಗದ ತೆಗೆದು, ಈ ಸಲ ಅವಳ ಮುಖ ನೋಡಿಯೇ, ನಿಧಾನವಾಗಿ ತುಟಿ ಆಡಿಸಿ ವಿವರಿಸಿದ. ಸುತ್ತಮುತ್ತಲ ಮನೆಗಳವರ ಸಿಗ್ನಲ್ ಎಲ್ಲ ಒಂದೇ ಚಾನೆಲ್‌ನಲ್ಲಿ ಗುದ್ದಾಡುತ್ತಿರುತ್ತದೆ, ಹನ್ನೊಂದನೆಯ ಚಾನೆಲ್‌ಗೆ ಬದಲಿಸಿಕೊಳ್ಳಿ ಎಂದು ತಾನೇ ಬರೆದುಕೊಟ್ಟ. ಅವಳು ನಮಸ್ಕಾರ ಮಾಡಿ ಹೊರಟಳು.

*

ಕಪ್ಪು ರೌಟರನ್ನು ಟಿವಿಯ ಹಿಂದೆ ಇಟ್ಟರೆ ಮೇಲಿನ ಕೋಣೆಗೆ ಸಿಗ್ನಲ್ ಒಂದೇ ಗೆರೆ ಬಂತು. ಹಾಲ್‌ನಲ್ಲಿ ಎಲ್ಲ ಮೂಲೆಗಳಲ್ಲೂ ಇಟ್ಟು, ಮೆಟ್ಟಿಲು ಹತ್ತಿ ಇಳಿದು ನೋಡಿದಳು. ಬೀರುವಿನ ತುದಿಯಲ್ಲಿ, ಮೆಟ್ಟಿಲ ಬಾಗಿಲಿನ ನೇರಕ್ಕೆ ಇಟ್ಟಾಗ ನಾಲ್ಕು ಗೆರೆ ಬಂದವು. ಪಾಸ್‌ವರ್ಡ್ ಹಾಕಿದಳು, ಚಾನೆಲ್ ಬದಲಿಸಿದಳು. ಸೋಮವಾರ ಏಳಕ್ಕೆ ಶುರುವಾದ ಮಾತು ಎಂಟರವರೆಗೆ ಒಂದೇ ಉಸಿರಿಗೆ ನಡೆಯಿತು. ಮಂಗಳವಾರವೂ. ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇರಲಿಲ್ಲ.

ಗುರುವಾರ ಏಳೂ ಹತ್ತಕ್ಕೆ ಚಿತ್ರ ನಿಂತಿತು.

ಅಮರೇಶ ಆ ದಿನ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ‘ಡಾಕ್ಟರು ಹೇಳಿದ್ದು ಏನಂದ್ರೆ’ ಎಂದು ಶುರು ಮಾಡಿದ್ದ, ಅಷ್ಟೇ. ಗುರುದೇವಿ ನಾಲ್ಕು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಇಳಿದಳು. ಬೀರುವಿನ ಮೇಲಿನ ರೌಟರಿನಲ್ಲಿ ಒಂದು ದೀಪವೂ ಇರಲಿಲ್ಲ. ಗೋಡೆಯ ಸ್ವಿಚ್ ಆಫ್ ಆಗಿತ್ತು. ಟಿವಿ ಓಡುತ್ತಿತ್ತು. ಭಾಗವ್ವ ಸೋಫಾದ ತುದಿಯಲ್ಲಿ, ಕೊಟ್ರಪ್ಪ ಕುರ್ಚಿಯಲ್ಲಿ, ಇಬ್ಬರೂ ಟಿವಿಯನ್ನೇ ನೋಡುತ್ತಿದ್ದರು.

ಅವಳು ಸ್ವಿಚ್ ಹಾಕಿದಳು. ಭಾಗವ್ವ ಎದ್ದು ಬಂದು ಆಫ್ ಮಾಡಿದಳು. ಅವಳು ಮತ್ತೆ ಹಾಕಿದಳು. ಭಾಗವ್ವ ಕೈ ಚಾಚಿದಾಗ ಗುರುದೇವಿ ಸ್ವಿಚ್ಚಿನ ಮೇಲೆ ತನ್ನ ಅಂಗೈ ಒತ್ತಿ ನಿಂತಳು.

“ರಾತ್ರಿ ಆದ್ರ ಬಾಗಲಾ ಹಾಕ್ಕೊಂಡು ಕುಂದರ್ತಾಳ” ಎಂದಳು ಭಾಗವ್ವ ಕೊಟ್ರಪ್ಪನ ಕಡೆ ತಿರುಗಿ. “ನನ್ನ ಮಗನಿಗೆ ಏನೇನ ಹೇಳಿ ಕೊಡ್ತಾಳೋ. ನನ್ನ ಮಗನ ಮಾರಿ ನಾ ನೋಡಿ ಎಷ್ಟ ದಿನ ಆತು.”

ಕೊಟ್ರಪ್ಪ ಎದ್ದ. “ಲೈನು ನನ್ನ ಹೆಸರಿಗೆ ಐತಿ. ನಾ ಬ್ಯಾಡಂದ್ರ ಬ್ಯಾಡ.”

ಗುರುದೇವಿ ಕಾಗದ ಹುಡುಕಲಿಲ್ಲ. ಸ್ವಿಚ್ಚಿನ ಮೇಲೆ ಎಡಗೈ ಹಾಗೇ ಇಟ್ಟುಕೊಂಡು ಬಲಗೈ ಎತ್ತಿದಳು. ತನ್ನ ಕೈಮಾತಿನಲ್ಲಲ್ಲ, ಭಾಗವ್ವನ ಹಳೆಯ ಸನ್ನೆಗಳಲ್ಲಿ ಹೇಳಿದಳು; ಅಮರೇಶ ಮದುವೆಯಾದ ಹೊಸದರಲ್ಲಿ ನಗುನಗುತ್ತಾ ಕಲಿಸಿದ್ದ ಸನ್ನೆಗಳು. ಅವುಗಳಲ್ಲಿ ಹೇಳಿದ್ದನ್ನು ತಿಳಿಯಲಿಲ್ಲ ಎನ್ನಲು ಭಾಗವ್ವನಿಗೆ ಸಾಧ್ಯವಿರಲಿಲ್ಲ.

‘ನಿನ್ನ ಮಗ. ನನ್ನ ಗಂಡ. ಎರಡೂ ಹೌದು. ಅವನು ಈಗ ಅಲ್ಲಿ ಕೂತು ಕಾಯ್ತಾನೆ. ನೀನು ಬಾಗಿಲು ಮುಚ್ಚಿದ್ದು ನನಗಲ್ಲ, ಅವನಿಗೆ.’

ಭಾಗವ್ವನ ಕೈ ತಾನಾಗಿ ಮೇಲೆದ್ದಿತು. ‘ಕೂಸು. ಡಾಕ್ಟರು. ಏನು ಹೇಳಿದ?’

‘ಅದು ನಮ್ಮದು.’ ಗುರುದೇವಿ ಎದೆಗೆ ಕೈ ಇಟ್ಟು, ಆಮೇಲೆ ಎಡಹುಬ್ಬು ಮುಟ್ಟಿ ಅಮರೇಶನನ್ನು ಸೂಚಿಸುವ ಸನ್ನೆ ಮಾಡಿದಳು, ಅವನಿಗೆ ಅಲ್ಲಿದ್ದ ಗಾಯದ ಗುರುತಿನಿಂದ ಬಂದ ಸನ್ನೆ. ‘ನೀನು ಕದ್ದು ನೋಡಿದೆ. ಊರಿಗೆಲ್ಲ ಹೇಳಿದೆ. ಇನ್ನು ನಿನಗೆ ಹೇಳಲ್ಲ. ನಾವು ಹೇಳಬೇಕು ಅನ್ನಿಸಿದಾಗ ಹೇಳ್ತೀವಿ. ಮಗನ ಮುಖ ನೋಡಬೇಕಾ? ಮೇಲೆ ಬಾ. ಕರೀತೀನಿ. ನನ್ನ ಮಾತು ಮುಗಿದ ಮೇಲೆ.’

ಕೊಟ್ರಪ್ಪನಿಗೆ ಏನೂ ತಿಳಿಯಲಿಲ್ಲ. “ಏನಂತಾಳ?” ಎಂದ. ಅಡುಗೆಮನೆಯ ಬಾಗಿಲಲ್ಲಿದ್ದ ಕಲಾವತಿ ಬಂದು ಗಂಡನ ಎದುರಿಗೆ ನಿಂತಳು.

“ಅಕಿ ದುಡದು ತಂದ ಡಬ್ಬಿ ಅದು. ಗಂಡನ ಕೂಡ ಒಂದ ತಾಸ ಮಾತಾಡಿದ್ರ ನಿಮ್ಮ ಲೈನ್ ಏನ ಸವೀತದ? ನಾವಿಬ್ರೂ ಮಾತಾಡೂದನ್ನ ದಿನಾ ಯಾರರ ಬಾಗಲಾಗ ಕುಂತು ಕೇಳಿದ್ರ ನೀವು ಸುಮ್ನ ಇರ್ತಿದ್ರೇನು?”

ಕೊಟ್ರಪ್ಪ ಕೂತ. ಸಿಟ್ಟು ಇಳಿದಿರಲಿಲ್ಲ, ಆದರೆ ಕೂತ. ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸಿದ.

ರೌಟರಿನ ದೀಪಗಳು ಒಂದೊಂದಾಗಿ ಬಂದವು. ಎಲ್ಲವೂ ಹತ್ತುವವರೆಗೆ ಗುರುದೇವಿ ಸ್ವಿಚ್ಚಿನ ಹತ್ತಿರ ನಿಂತಿದ್ದಳು. ಆಮೇಲೆ, ಯಾರ ಕಡೆಯೂ ನೋಡದೆ, ಮೆಟ್ಟಿಲು ಹತ್ತಿದಳು.

ಅಮರೇಶ ಕಾಯುತ್ತಿದ್ದ. ಏನಾಯಿತೆಂದು ಕೇಳಿದ. ‘ಆಮೇಲೆ ಹೇಳ್ತೀನಿ, ಮೊದಲು ನೀನು ಹೇಳು’ ಎಂದಳು. ತೊಂದರೆ ಅವನ ಕಡೆ ಇತ್ತು. ದೊಡ್ಡದಲ್ಲ, ಆರು ತಿಂಗಳು ಮಾತ್ರೆ ತಿನ್ನಬೇಕು, ಆಮೇಲೆ ನೋಡೋಣ ಎಂದಿದ್ದರು. ಗುರುದೇವಿ ಪರದೆಗೆ ಹತ್ತಿರ ಸರಿದು, ನಾನಿದ್ದೇನೆ ಎಂದಳು. ಅವನು ಅತ್ತ. ಇಪ್ಪತ್ತು ಜನ ಅಪರಿಚಿತರ ನಡುವೆ, ಅವಳೊಬ್ಬಳಿಗೆ ಮಾತ್ರ ತಿಳಿಯುವ ಹಾಗೆ, ತನ್ನ ಹೆದರಿಕೆಯನ್ನೆಲ್ಲ ಹೇಳಿಕೊಂಡು ಅತ್ತ. ಅವಳು ತಡೆಯಲಿಲ್ಲ.

ಭಾಗವ್ವ ಆ ದಿನ ಬರಲಿಲ್ಲ. ಮರುದಿನವೂ ಇಲ್ಲ. ಗುರುದೇವಿ ಬೆಳಿಗ್ಗೆ ಎಂದಿನಂತೆ ಚಹಾ ಕೊಟ್ಟಳು, ಎಂದಿನಂತೆ ಕೆಲಸಕ್ಕೆ ಹೋದಳು. ಕ್ಷಮೆ ಕೇಳಲಿಲ್ಲ, ಯಾರಿಂದಲೂ ಬಯಸಲೂ ಇಲ್ಲ. ಕೊಟ್ರಪ್ಪ ವಾರಗಟ್ಟಲೆ ಅವಳೊಡನೆ ಮುಖ ಬಿಗಿದುಕೊಂಡೇ ಇದ್ದ. ಸ್ವಿಚ್ ಮಾತ್ರ ಮುಟ್ಟಲಿಲ್ಲ.

ಭಾನುವಾರ ಸಂಜೆ, ಅವಳು ಮತ್ತು ಅಮರೇಶ ಮಾತಿನ ಮಧ್ಯದಲ್ಲಿದ್ದಾಗ, ಕೋಣೆಯ ದೀಪ ಎರಡು ಸಲ ಆರಿ ಹತ್ತಿತು. ಆ ಕೋಣೆಯ ದೀಪಕ್ಕೆ ಹೊರಗಡೆಯೂ ಒಂದು ಸ್ವಿಚ್ ಇತ್ತು. ಬಾಗಿಲು ಬಡಿದರೆ ಕೇಳಿಸದ ಮಗನನ್ನು ಭಾಗವ್ವ ಹಿಂದೆ ಹಾಗೆಯೇ ಎಬ್ಬಿಸುತ್ತಿದ್ದಳಂತೆ. ಗುರುದೇವಿ ಬಾಗಿಲು ಸ್ವಲ್ಪ ತೆರೆದಳು. ಮುದುಕಿ ಸೆರಗು ಸರಿಮಾಡಿಕೊಂಡು, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ನಿಂತಿದ್ದಳು. ಎಡಹುಬ್ಬನ್ನು ಮುಟ್ಟಿಕೊಂಡು ತೋರಿಸಿದಳು.

ಗುರುದೇವಿ ಐದು ಬೆರಳು ತೋರಿಸಿದಳು. ಐದು ನಿಮಿಷ.

ಭಾಗವ್ವ ತಲೆಯಾಡಿಸಿ ಟೆರೇಸಿನ ಕಟ್ಟೆಯ ಮೇಲೆ ಕೂತಳು. ಗುರುದೇವಿ ಬಾಗಿಲು ಹಾಕಿಕೊಂಡು ಗಂಡನಿಗೆ ಹೇಳುತ್ತಿದ್ದುದನ್ನು ಅವಸರವಿಲ್ಲದೆ ಹೇಳಿ ಮುಗಿಸಿದಳು.